ಅರಿವಳಿಕೆಗೆ ಮುಂಚಿನ ಅವಲಕ್ಕಿ

ಮಾವಿನಕುರ್ವೆಯ ನೀಲಾಳಿಗೆ ಅಂಡಾಣು ತೆಗೆಸಿಕೊಳ್ಳುವ ಭಯಕ್ಕಿಂತ ಅರಿವಳಿಕೆಯ ಕುತೂಹಲವೇ ಹೆಚ್ಚು. ಅಪೆಂಡಿಕ್ಸ್ ಆಪರೇಷನ್ ಆಗಿದ್ದ ಪಕ್ಕದ ಮನೆಯ ರೂಪಾಳನ್ನು ಕೇಳಿದರೆ, "ಎಂತ ಇಲ್ಲ ಮಾರಾಯ್ತಿ, ಸೂಜಿ ಚುಚ್ಚಿದ್ದೊಂದು ಗೊತ್ತು, ಮತ್ತೆ ನೋಡಿದ್ರೆ ವಾರ್ಡು" ಎಂದಳು. ನಡುವೆ ಎಲ್ಲಿದ್ದೆ ಎಂದರೆ ನಕ್ಕುಬಿಟ್ಟಳು. ಅಷ್ಟು ದೊಡ್ಡ ಸಂಗತಿ ಮೈಮೇಲೆ ನಡೆದರೂ ವಿಚಾರಿಸದೆ ಬಂದಳಲ್ಲ ಎಂದು ನೀಲಾಳಿಗೆ ಸಿಟ್ಟೇ ಬಂತು.

ಮದುವೆಯಾಗಿ ವರ್ಷಗಟ್ಟಲೆ ಮಕ್ಕಳಿಲ್ಲ. ಈಗ ಪ್ರನಾಳ ಶಿಶು ಚಿಕಿತ್ಸೆಗೆಂದು ದಿನವೂ ಇಂಜೆಕ್ಷನ್ ಚುಚ್ಚಿಸಿಕೊಂಡ ಮೇಲೆ ಅಂಡಾಣುಗಳು ಬೆಳೆದಿದ್ದವು. ಸೋಮವಾರ ಬೆಳಿಗ್ಗೆಯೇ ತೆಗೆಯಬೇಕು, ತಡವಾದರೆ ಕೈತಪ್ಪುತ್ತವೆ, ಉಪವಾಸವಿದ್ದು ಬನ್ನಿ ಎಂದಿದ್ದರು ಕುಮಟೆಯ ಡಾಕ್ಟರಮ್ಮ.

ಉಪವಾಸವನ್ನು ಅತ್ತೆ ಬಂಗಾರಿಗೆ ಯಾರೂ ಕಲಿಸಬೇಕಿಲ್ಲ. ಧಾರೇಶ್ವರನ ಹೆಸರಿನಲ್ಲಿ ಪ್ರತಿ ಸೋಮವಾರ ಅನ್ನ ಮುಟ್ಟದವಳು ಆಕೆ. ಅವಲಕ್ಕಿ, ಬಾಳೆಹಣ್ಣು ಊಟದ ಲೆಕ್ಕಕ್ಕಿಲ್ಲ. ಬೆಳಗಾಗುತ್ತಲೇ ಕಾಯಿತುರಿ, ಬೆಲ್ಲ ಕಲಸಿದ ಅವಲಕ್ಕಿಯನ್ನು ಸೊಸೆಯ ಮುಂದಿಟ್ಟಳು. ಅದೇ ಮನೆಯ ಸೋಮವಾರಗಳಲ್ಲಿ ಪಳಗಿದ ನೀಲಾ ಬಟ್ಟಲು ಖಾಲಿ ಮಾಡಿಯೇ ರಿಕ್ಷಾ ಹತ್ತಿದಳು.

ಆಸ್ಪತ್ರೆಯಲ್ಲಿ ಪಕ್ಕದ ಮಂಚದವಳು, ನೀರೂ ಕುಡಿಯಲು ಬಿಡಲಿಲ್ಲ ಎಂದು ಗೊಣಗಿದಾಗ ನೀಲಾಳಿಗೆ ಬೆಳಗಿನ ಬಟ್ಟಲು ನೆನಪಾಯಿತು. ಗಂಡ ಭಾಸ್ಕರನ ಕಿವಿಯಲ್ಲಿ ವಿಷಯ ಉಸುರಿದಳು.

"ಹೇಳ್ಬೇಡ," ಎಂದ ಅವನು. "ಒಂದು ಮುಷ್ಟಿ ಅವಲಕ್ಕಿಗೆ ಎಂತ ಆಗ್ತದೆ? ವಾಪಸ್ ಕಳ್ಸಿದ್ರೆ ಇಷ್ಟು ದಿನ ಚುಚ್ಚಿಸ್ಕೊಂಡದ್ದೆಲ್ಲ ನೀರಲ್ಲಿ ಹೋಮ."

ನೀಲಾ ತಲೆಯಾಡಿಸಿದಳು. ಆದರೆ ಅರಿವಳಿಕೆಯ ಡಾಕ್ಟರು ಶ್ರೀಧರ ಬಂದು ನಿಂತದ್ದೇ ಕೆಟ್ಟ ಕುತೂಹಲ ಬಾಯಿ ಬಿಡಿಸಿತು.

"ತಿಂದವ್ರಿಗೆ ಮತ್ತಿನ ಸೂಜಿ ಕೊಟ್ರೆ ಎಂತ ಆಗ್ತದೆ ಡಾಕ್ಟ್ರೇ?"

"ತಿಂದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳೀಬಹುದು. ಜೀವಕ್ಕೇ ಅಪಾಯ. ಯಾಕಮ್ಮ?"

"ನಾ ಅವಲಕ್ಕಿ ತಿಂದೆ."

ಭಾಸ್ಕರ ಹಣೆ ಚಚ್ಚಿಕೊಂಡ. ಶ್ರೀಧರ ಡಾಕ್ಟರಮ್ಮನನ್ನು ಕರೆಸಿದರು; ಇಬ್ಬರೂ ಮೂಲೆಗೆ ಹೋಗಿ ಮಾತಾಡಿದರು. ಕಾಯುವಂತಿಲ್ಲ, ನಿದ್ದೆ ಬರಿಸುವಂತೆಯೂ ಇಲ್ಲ. ಕೊನೆಗೆ ಡಾಕ್ಟರಮ್ಮ ಬಂದು ಅವಳ ಕೈ ಹಿಡಿದರು. "ಆ ಜಾಗ ಮಾತ್ರ ಮರಗಟ್ಟಿಸ್ತೇವೆ. ಎಚ್ಚರ ಇರ್ತೀರಿ, ನೋವಾಗ್ತದೆ. ತಡ್ಕೊಳ್ತೀರಾ?"

"ಆತು," ಎಂದಳು ನೀಲಾ.

ನೋವು ಸುಳ್ಳಲ್ಲ. ಸೂಜಿ ಒಳಗೆ ಹೋದಾಗ ನಾಚಿಕೆ ಬಿಟ್ಟು ಕೂಗಿದಳು. ಆದರೂ ಕಣ್ಣು ಮಾತ್ರ ಸ್ಕ್ಯಾನಿಂಗ್ ಪರದೆ ಬಿಡಲಿಲ್ಲ. ಕಪ್ಪು ದ್ರಾಕ್ಷಿಯಂಥ ಅಂಡಾಣುವಿನ ಚೀಲವೊಂದು ಅವಳು ನೋಡುತ್ತಿದ್ದಂತೆ ಚಪ್ಪಟೆಯಾಯಿತು. ಅದರಿಂದ ಕೊಳವೆಯಲ್ಲಿ ಬಂದ ನೀರನ್ನು ನರ್ಸ್ ಗೋಡೆಯ ಕಿಂಡಿಯಿಂದ ಆಚೆಯ ಲ್ಯಾಬಿಗೆ ಕೊಟ್ಟಳು. ಆಚೆ ಯಾರೋ ಹುಡುಗಿ ಸೂಕ್ಷ್ಮದರ್ಶಕಕ್ಕೆ ಬಗ್ಗಿ ನೋಡಿ, ತಣ್ಣಗಿನ ದನಿಯಲ್ಲಿ ಹೇಳಿದಳು: "ಅಂಡಾಣು ಇದೆ, ಡಾಕ್ಟ್ರೇ."

ನಿದ್ದೆಹೋದವರಾರೂ ಕೇಳದ ಮಾತು ಅದು. ನೀಲಾಳ ಕಣ್ಣೀರು ಕಿವಿಗೆ ಇಳಿಯಿತು.

"ತುಂಬಾ ನೋಯ್ತಿದ್ಯಾ? ನಿಲ್ಲಿಸ್ಲಾ?" ಡಾಕ್ಟರಮ್ಮ ಗಾಬರಿಯಾದರು.

"ನಿಲ್ಲಿಸ್ಬೇಡಿ," ಎಂದಳು ನೀಲಾ. "ಕಿಂಡಿ ಆಚೆಯ ಹುಡುಗಿಗೆ ಸ್ವಲ್ಪ ಗಟ್ಟಿ ಹೇಳುಕೆ ಹೇಳಿ."