ತಾಳೆಯಾಗದ ಸಾವು

"ಅಲ್ಲೇ ನಿಲ್ಲು ಮುಂಡೆ! ಒಳಗೆ ಬಂದ್ರೆ ಇಡೀ ಆಫೀಸು ನಾರುತ್ತೆ."

ನಗರಸಭೆಯ ಗುಮಾಸ್ತ ಮೂಗಿಗೆ ಕರವಸ್ತ್ರ ಹಿಡಿದ. ಬೀದಿ ಗುಡಿಸುವವಳು ಹೊಸ್ತಿಲಾಚೆಯೇ ನಿಂತಳು. ಮೂರು ದಿನದಿಂದ ಹಾಜರಿ ಯಂತ್ರ ಅವಳ ಹೆಬ್ಬೆಟ್ಟು ಒಪ್ಪುತ್ತಿರಲಿಲ್ಲ. ಆದರೂ ಮೇಸ್ತ್ರಿ ಗುಡಿಸುವುದನ್ನು ಬಿಡಿಸಿರಲಿಲ್ಲ. ನಿನ್ನೆ ಸರ್ಕಾರಿ ಆಸ್ಪತ್ರೆಯ ಕಿಟಕಿಯಲ್ಲೂ ಅತ್ತೆಯ ಉಬ್ಬಸದ ಔಷಧಿ ಕೊಡದೆ ಸಾಗಹಾಕಿದ್ದರು.

"ನನ್ನ ಹೆಸರಿಗೆ ಏನಾಗಿದೆ ಸ್ವಾಮಿ?"

"ನಿನ್ನ ಹೆಸರಿಗಲ್ಲ, ನಿನ್ನ ಗಂಡನ ಸಾವಿಗೆ ಆಗಿರೋದು."

ಗುಮಾಸ್ತ ಕಂಪ್ಯೂಟರನ್ನು ಅವಳತ್ತ ತಿರುಗಿಸಿದ. ಓದು ಬಾರದವಳಿಗೆ ಕೆಂಪು ಗೆರೆಯೊಂದೇ ಕಂಡಿತು.

"ನೀರು, ಚರಂಡಿ, ಆಸ್ಪತ್ರೆ, ಹಾಜರಿ, ಎಲ್ಲ ಇಲಾಖೆ ದಾಖಲೆನೂ ತಂದು ಒಂದೇ ಕಡೆ ಸುರಿದಿದ್ದಾರೆ. ಆಸ್ಪತ್ರೆಯವರು ನಿನ್ನ ಗಂಡ ಮ್ಯಾನ್‌ಹೋಲಲ್ಲಿ ಸತ್ತ ಅಂತಾರೆ. ಚರಂಡಿಯವರು ಆ ದಿನ ಮನುಷ್ಯರೇ ಇಳಿದಿಲ್ಲ, ಮಿಷನ್ನೇ ತೊಳೀತು ಅಂತಾರೆ. ಎರಡೂ ತಾಳೆ ಆಗೋವರೆಗೂ ನಿಮ್ಮನೆ ಕಡತಕ್ಕೆ ಬೀಗ. ಹಾಜರಿನೂ ಇಲ್ಲ, ಔಷಧಿನೂ ಇಲ್ಲ."

ಮಿಷನ್ನು! ಗಂಡನನ್ನು ಮೇಲಕ್ಕೆಳೆದವರ ಜೊತೆ ಅವಳೂ ಕೈಹಾಕಿದ್ದಳು. ಅವನ ಮೂಗಿನೊಳಗಿನ ಕೆಸರನ್ನು ಸೆರಗಿನ ತುದಿಯಿಂದ ತೆಗೆದಿದ್ದಳು.

"ಯಾವ ಮಿಷನ್ ಸ್ವಾಮಿ? ನಾನೇ ಕಣ್ಣಾರೆ..."

ಅಷ್ಟರಲ್ಲಿ ಸಾಹೇಬ ಒಳಕೋಣೆಯಿಂದ ಬಂದ. ಹೊಸ ವ್ಯವಸ್ಥೆ ನೋಡಲು ನಾಳೆ ಮೇಲಿನವರು ಬರುವವರಿದ್ದರು. ಇಡೀ ವಾರ್ಡಿನಲ್ಲಿ ಉಳಿದದ್ದು ಇದೊಂದೇ ಕೆಂಪು ಗೆರೆ.

"ಕಾಗದ ಬರೆಸಿದೀನಿ. ಕುಡಿದು ಮನೇಲಿ ಸತ್ತ ಅಂತ. ಹೆಬ್ಬೆಟ್ಟು ಒತ್ತು, ಬೀಗ ತೆಗೀತೀವಿ."

"ಅವನು ಕುಡೀತಾನೇ ಇರಲಿಲ್ಲ."

"ಸತ್ತ ಮೇಲೆ ಕುಡಿದ್ರೆ ಯಾರಿಗಮ್ಮ ನಷ್ಟ?"

ಗುಮಾಸ್ತ ಕಿಸಕ್ಕನೆ ನಕ್ಕ. ಅವಳು ಮೆಟ್ಟಿಲಿಳಿದಳು.

ಮನೆಯಲ್ಲಿ ಅತ್ತೆ ಗೋಡೆಗೊರಗಿ ಉಸಿರಿಗೆ ಒದ್ದಾಡುತ್ತಿದ್ದಳು. ಎಲ್ಲ ಕೇಳಿಸಿಕೊಂಡು, "ಒತ್ತಿಬಿಡೇ, ಹೋದವನಂತೂ ಹೋದ" ಎಂದಳು. ತುಸು ಹೊತ್ತಿನ ಮೇಲೆ ಮುಖ ತಿರುಗಿಸಿಕೊಂಡು, "ಬೇಡ. ಹೆತ್ತ ಮಗನ್ನ ಕುಡುಕ ಅನ್ನಿಸಿ ನಾನು ಉಸಿರಾಡ್ಲಾ?" ಎಂದಳು. ಮತ್ತೆ ಕೆಮ್ಮು ಹತ್ತಿತು. ತುಟಿ ನೀಲಿಗಟ್ಟಿತು. "ಒತ್ತಿಬಿಡು" ಎಂದಳು.

ಮರುದಿನ ಬೆಳಿಗ್ಗೆ ಅವಳು ಒತ್ತುವುದಕ್ಕೆಂದೇ ಹೋದಳು.

ನಗರಸಭೆಯ ಅಂಗಳದಲ್ಲೇ ಚರಂಡಿ ಕಟ್ಟಿಕೊಂಡು ಕಪ್ಪು ನೀರು ಉಕ್ಕುತ್ತಿತ್ತು. ಮೆಟ್ಟಿಲ ಮೇಲೆ ನಿಂತು ಸಾಹೇಬ ಅರಚುತ್ತಿದ್ದ. ಮೇಸ್ತ್ರಿಯ ಕೈಯಲ್ಲಿ ಹಾರೆ. ಅವನ ಪಕ್ಕದಲ್ಲಿ ಅಂಗಿ ಬಿಚ್ಚಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನಿಂತವನು ಅವಳ ಮೈದುನ, ಗಂಡನ ಬೆನ್ನಿಗೆ ಹುಟ್ಟಿದ ತಮ್ಮ.

ಗುಮಾಸ್ತ ಕಿಟಕಿಯಿಂದ ಕೂಗಿದ: "ಮಿಷನ್ ಅಂತ ಆಗ್ಲೇ ಕಂಪ್ಯೂಟರಿಗೆ ಹತ್ತಿಸಿದೀನಿ ಸಾರ್! ಬೇಗ ಇಳಿಸಿ ಅವನನ್ನ!"

ಅವಳು ಮೊಣಕಾಲುದ್ದದ ನೀರಿಗಿಳಿದಳು. ಕಾಲಲ್ಲಿ ತಡಕಿ ಮ್ಯಾನ್‌ಹೋಲಿನ ಮುಚ್ಚಳ ಹುಡುಕಿ, ಅದರ ಮೇಲೆ ಕೂತುಬಿಟ್ಟಳು. ಕೊಳಚೆ ಎದೆಯವರೆಗೆ ಬಂತು.

"ಏಳೇ ಸೂಳೆ!" ಎಂದ ಮೇಸ್ತ್ರಿ.

"ಅತ್ತಿಗೆ, ಏಳು," ಮೈದುನ ನೀರಿಗಿಳಿದು ಹತ್ತಿರ ಬಂದ. "ಇವತ್ತು ಇಳೀದಿದ್ರೆ ನನ್ನೂ ಕಿತ್ತಾಕ್ತಾರೆ. ಮನೆಗೆ ಇನ್ಯಾರು ತಂದು ಹಾಕ್ತಾರೆ? ನಿನ್ನ ಕಾಲಿಗೆ ಬೀಳ್ತೀನಿ."

ಅವನು ನಿಜವಾಗಿಯೂ ಆ ನೀರಿನಲ್ಲಿ ಬಗ್ಗಿದ. ಅವಳು ಅವನ ರಟ್ಟೆ ಹಿಡಿದು ಪಕ್ಕಕ್ಕೆಳೆದುಕೊಂಡಳು, ಬಿಡಲಿಲ್ಲ.

"ಕಂಪ್ಯೂಟರಲ್ಲಿ ಮಿಷನ್ ಇದೆಯಲ್ರೋ ಬೋಳಿಮಕ್ಕಳಾ, ಅದನ್ನ ಕರೀರಿ! ಇವನು ನನ್ನ ಮೈದುನ!"

ನೀರು ಇನ್ನೊಂದು ಮೆಟ್ಟಿಲು ಮುಳುಗಿಸಿತು. ಗೇಟಿನಾಚೆ ಮೇಲಿನವರ ಕಾರು ಹಾರ್ನ್ ಹಾಕುತ್ತಿತ್ತು. ಸಾಹೇಬ ಮೇಸ್ತ್ರಿಗೆ ಕಣ್ಸನ್ನೆ ಮಾಡಿದ. ಮೇಸ್ತ್ರಿ ಹಾರೆಯ ತುದಿಯನ್ನು ಅವಳ ತೊಡೆಯ ಪಕ್ಕಕ್ಕೆ, ಮುಚ್ಚಳದ ಸಂದಿಗೆ ತೂರಿಸಿ, ಮೈಭಾರವನ್ನೆಲ್ಲ ಹಾಕಿ ಮೀಟಿದ.

ಅವಳು ಏಳಲಿಲ್ಲ.