ಗುರುಲಿಂಗವ್ವ ಹೊರಗೆ ಕುಳಿತದ್ದು

ಹುನಗುಂದದ ಬಜಾರದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಹೊಳಬಸಪ್ಪನಿಗೆ ಮಾತೆಂದರೆ ಪ್ರಾಣ. ಪ್ರತಿ ವರ್ಷವೂ ಬಸವ ಜಯಂತಿಗೆ ಅವನದೊಂದು ಭಾಷಣ ಇರಲೇಬೇಕು, ಅದರಲ್ಲಿ ಹೆಣ್ಣಿಗೆ ಮುಟ್ಟಿನ ಸೂತಕವಿಲ್ಲ ಎಂಬ ಮಾತು ಬರಲೇಬೇಕು. "ನಮ್ಮ ಮನ್ಯಾಗ ಬಂದು ನೋಡ್ರಿ! ಆ ದಿನಾನೂ ನಮ್ಮಾಕಿ ಅಡಗಿ ಮಾಡ್ತಾಳ, ನೀರು ತರ್ತಾಳ, ಲಿಂಗಪೂಜಿ ಮಾಡ್ತಾಳ!" ಎಂದು ಅವನು ಕೈ ಎತ್ತಿದರೆ ಮಂದಿ ಚಪ್ಪಾಳೆ ತಟ್ಟುತ್ತಿದ್ದರು. ಸುಳ್ಳಲ್ಲ, ಅಂಥ ಮನೆ ಊರಿಗೇ ಚಂದ. ಆದರೆ ಸೂತಕವಿಲ್ಲದ ಮನೆಯಲ್ಲಿ ಸೂತಕದ ರಜೆಯೂ ಇರುವುದಿಲ್ಲ. ಅದನ್ನು ಭಾಷಣದಲ್ಲಿ ಯಾವ ಪುಣ್ಯಾತ್ಮ ಹೇಳುತ್ತಾನೆ?

ಹೇಳಬೇಕಾದವಳು ಅವನ ಹೆಂಡತಿ ಗುರುಲಿಂಗವ್ವ. ನಲವತ್ತು ದಾಟಿದವಳು; ಇಬ್ಬರು ಹೆಣ್ಣುಮಕ್ಕಳ ಲಗ್ನ ಮಾಡಿ ಕಳಿಸಿದ್ದಳು. ಎರಡು ವರ್ಷಗಳಿಂದ ಅವಳ ಮುಟ್ಟು ಹಾದಿ ತಪ್ಪಿತ್ತು. ಮೊದಲು ಮೂರು ದಿನಕ್ಕೆ ನಿಲ್ಲುತ್ತಿದ್ದದ್ದು ಈಗ ತಿಂಗಳಲ್ಲಿ ಅರ್ಧ ತಿನ್ನುತ್ತಿತ್ತು. ಹೆಪ್ಪುಗಟ್ಟಿ ಹೋಗುತ್ತಿತ್ತು. ಮನೆಯ ಹಳೆ ಸೀರೆಗಳೆಲ್ಲ ಹರಿದು ಬಟ್ಟೆಯಾಗಿ ಮುಗಿದಿದ್ದವು. ರೊಟ್ಟಿ ಬಡಿಯುವಾಗ ಕಣ್ಣಿಗೆ ಕತ್ತಲೆ ಬರುತ್ತಿತ್ತು, ಕೊಡಪಾನ ಎತ್ತಿದರೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು.

ಅತ್ತೆ ಸಾವಿತ್ರೆವ್ವನಿಗೆ ಹೇಳಿದಳು. "ಎಲ್ಲಾರಿಗೂ ಬರೂದs ಅದು, ನಿನಗೇನು ಹೊಸಾದೇನು?" ಎಂದಳು ಅತ್ತೆ. ಗಂಡನಿಗೆ ಹೇಳಿದಳು. ಅವನು ಅಂಗಡಿಯಿಂದ ಒಂದು ಟಾನಿಕ್ ಬಾಟಲಿ ತಂದುಕೊಟ್ಟು, "ಜಯಂತಿ ಮುಗೀಲಿ, ದವಾಖಾನಿಗೆ ಹೋಗೂಣು" ಎಂದ. ಆ ಜಯಂತಿ ಮುಗಿದು ಮತ್ತೊಂದು ಜಯಂತಿ ಹತ್ತಿರ ಬಂದಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಹಿರಿಯರು ಸುಮ್ಮನೆ ಅಂದಿಲ್ಲ.

ಎದುರು ಮನೆ ಬೋರವ್ವನದು, ಬೀರಪ್ಪನ ಒಕ್ಕಲು, ಕುರಿ ಸಾಕಿದ ಮಂದಿ. ಬೋರವ್ವ ತಿಂಗಳಿಗೊಮ್ಮೆ ಮುಟ್ಟಾದಾಗ ಹೊರಗಿನ ಕಟ್ಟೆಯ ಮೇಲೆ ಕೂಡುತ್ತಿದ್ದಳು. ಅವಳ ನೆಗೆಣ್ಣಿ, ಮೈದುನನ ಹೆಂಡತಿ, ರೊಟ್ಟಿ ತಂದು ದೂರದಿಂದ ಇಡುತ್ತಿದ್ದಳು. "ನಾಯಿಗೆ ಹಾಕಿದಂಗ ಹಾಕ್ತಾರವಾ, ನಿಮ್ಮ ಜಾತಿ ಭಾಳ ಚಲೋ" ಎಂದು ಬೋರವ್ವ ಬೈದುಕೊಳ್ಳುತ್ತಿದ್ದಳು. ಗುರುಲಿಂಗವ್ವನಿಗೆ ಮಾತ್ರ ಅವಳ ಮಡಚಿದ ಕಾಲು ಕಾಣುತ್ತಿತ್ತು. ಹಗಲು ಹೊತ್ತಿನಲ್ಲಿ ಹೆಂಗಸೊಬ್ಬಳು ಕಾಲು ಮಡಚಿ ಕೂತಿದ್ದಾಳೆ! ನೋಡಿ ಗುರುಲಿಂಗವ್ವನಿಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಜಯಂತಿಗೆ ಇನ್ನು ಎಂಟು ದಿನ ಇತ್ತು ಅನ್ನುವಾಗ ಒಂದು ಬೆಳಗ್ಗೆ ಗುರುಲಿಂಗವ್ವ ಕೊಡಪಾನವನ್ನು ಒಳಗಿಟ್ಟು, ತಮ್ಮ ಮನೆಯ ಹೊರಗಟ್ಟೆಗೆ ಬಂದು ಕುಳಿತುಬಿಟ್ಟಳು.

"ಯಾಕವಾ, ಇಲ್ಲ್ಯಾಕ ಕುಂತಿ?" ಎಂದಳು ಸಾವಿತ್ರೆವ್ವ.

"ಮುಟ್ಟಾಗೀನ್ರಿ ಅತ್ತಿ."

"ಅಯ್ಯ ಶಿವನs! ನಮ್ಮ ಮನಿತನದಾಗ ಯಾರೂ ಹೊರಗ ಕುಂತಿಲ್ಲ. ಏಳು!"

"ನಿಮ್ಮ ಕಾಲಕ್ಕ ನೀವೂ ಕುಂತಿದ್ರ ಚಲೋ ಇರ್ತಿತ್ತ್ರಿ."

ಸಾವಿತ್ರೆವ್ವ ಒಳಗೆ ಹೋಗಿ ತಾನೇ ಒಲೆ ಹೊತ್ತಿಸಿದಳು.

ಸುದ್ದಿ ಕೇಳಿ ಹೊಳಬಸಪ್ಪ ಅಂಗಡಿ ಬಿಟ್ಟು ಓಡಿಬಂದ. ಹೆಂಡತಿ ಅದೇ ಕಟ್ಟೆಯ ಮೇಲೆ ಕೂತು, ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುತ್ತಿದ್ದಳು. ಇದು ಮಡಿಯೋ, ಭಕ್ತಿಯೋ, ಹಟವೋ ಓಣಿಗೆ ತಿಳಿಯಲಿಲ್ಲ.

"ಏನಿದು? ಮಂದಿ ಏನಂತಾರ? ಬಸವಣ್ಣ ಸೂತಕಿಲ್ಲ ಅಂದಾನ!"

"ಹೌದ್ರಿ, ಸೂತಕಿಲ್ಲ ಅಂದಾನ. ಕುಂದರಬ್ಯಾಡ ಅಂದಿಲ್ಲ."

"ಒಳಗ ಯಾವಾಗ ಬರ್ತಿ?"

"ನಿಂತ ಮ್ಯಾಲ."

"ಯಾವಾಗ ನಿಲ್ಲತೈತಿ?"

"ಅದನ್ನ ಡಾಕ್ಟರ್‌ನ ಕೇಳಬೇಕ್ರಿ."

ಸಂಜೆಗೆ ಬೆಲ್ಲ ಕೊಳ್ಳಲು ಬಂದ ಮಲೀಕಸಾಬ, "ಏನ್ರಿ ಸಾವಕಾರ್ರ, ಮನ್ಯಾಗ ಮಡಿ ಸುರು ಮಾಡೀರಂತ?" ಎಂದ. ಹೊಳಬಸಪ್ಪನ ಮುಖ ಸುಟ್ಟ ಬದನೆಕಾಯಿಯಾಯಿತು. ಎರಡು ವರ್ಷದ ರಕ್ತ ಮಾಡಲಾಗದ್ದನ್ನು ಮಲೀಕಸಾಬನ ಒಂದು ಮಾತು ಮಾಡಿತು. ಮರುದಿನವೇ ಗಂಡ ಹೆಂಡತಿ ಬಾಗಲಕೋಟೆಯ ಬಸ್ಸಿನಲ್ಲಿದ್ದರು.

ಬಾಗಲಕೋಟೆಯ ಡಾಕ್ಟರ್ ಇಂದ್ರಾಬಾಯಿ ಗುರುಲಿಂಗವ್ವನ ಕಣ್ಣಿನ ರೆಪ್ಪೆ ಎಳೆದು ನೋಡಿದರು, ಪರದೆಯ ಹಿಂದೆ ಮಲಗಿಸಿ ಹೊಟ್ಟೆ ಒತ್ತಿ ಒಳಗೂ ಪರೀಕ್ಷಿಸಿದರು. ಹೊರಗೆ ಬಂದು ಹೊಳಬಸಪ್ಪನನ್ನು ಕೇಳಿದರು, "ಮೈಯಾಗ ರಕ್ತ ಅರ್ಧಾನೂ ಉಳಿದಿಲ್ಲ. ಇಕಿ ಹೆಂಗ ನಡಕೊಂತ ಬಂದ್ಲ್ರಿ?"

"ನಡಕೊಂತ ಅಲ್ರಿ, ಬಸ್ಸಿನ್ಯಾಗ ಬಂದೇವಿ" ಎಂದ ಹೊಳಬಸಪ್ಪ.

ಡಾಕ್ಟರ್ ಅವನನ್ನು ಬಿಟ್ಟು ಅವಳ ಕಡೆ ತಿರುಗಿದರು. "ನೋಡವಾ, ಗರ್ಭಚೀಲದಾಗ ಗಂಟು ಬೆಳದಾವ. ಚೀಲ ನಾಕು ತಿಂಗಳ ಬಸುರಿಯಷ್ಟು ಆಗೈತಿ. ಇಂಥಾ ಗಂಟು ಬಹುತೇಕ ಕೆಟ್ಟವಲ್ಲ, ಆದರ ರಕ್ತ ಕುಡೀತಾವ. ಮೊದಲು ರಕ್ತ ಏರಸಬೇಕು. ಆಮ್ಯಾಲ ಹಾದಿ ಅದಾವ. ಗುಳಿಗಿ ಕೊಡಬಹುದು, ನುಂಗೂತನಾ ರಕ್ತ ಕಡಿಮಿ ಆಗತೈತಿ, ಗಂಟು ಹಂಗs ಇರ್ತಾವ. ಚೀಲ ಒಳಗ ಕೆರದು ಸ್ವಚ್ಛ ಮಾಡಬಹುದು, ಅದೂ ಸ್ವಲ್ಪ ದಿನಕ್ಕಷ್ಟs. ಗಂಟು ಅಷ್ಟs ತಗೀಬಹುದು, ಮಕ್ಕಳು ಬೇಕಾದವರಿಗೆ ಅದು, ತಿರುಗಿ ಬೆಳೀಲೂಬಹುದು. ಇಲ್ಲಾ, ಚೀಲಾನs ತಗದುಬಿಡೂದು. ಮುಟ್ಟು ಪೂರಾ ನಿಂತ ಮ್ಯಾಲ ಗಂಟು ತಾವs ಬತ್ತತಾವ, ಆದರ ಅಲ್ಲೀತನಾ ನಿನ್ನ ಮೈ ತಡಿಯಂಗಿಲ್ಲ."

"ಗುಳಿಗಿ ಕೊಡ್ರಿ" ಎಂದ ಹೊಳಬಸಪ್ಪ. "ಇಷ್ಟು ದಿನ ತಡದಾಳ."

ಗುರುಲಿಂಗವ್ವ ಅವನ ಮಾತು ಮುಗಿಯಲು ಬಿಟ್ಟಳು. ಆಮೇಲೆ ಕೇಳಿದಳು, "ಯಾವದರಾಗ ಎಷ್ಟು ದಿನ ಕುಂದರಬೇಕಾಗತೈತ್ರಿ?"

"ಅಂದ್ರ?"

"ಕೆಲಸಾ ಬಿಟ್ಟು ಕುಂದರೂದ್ರಿ."

ಡಾಕ್ಟರ್ ಕನ್ನಡಕ ತೆಗೆದರು. "ಗುಳಿಗಿಗೆ ಏನೂ ಬೇಕಾಗಿಲ್ಲ. ಕೆಲಸಾ ಮಾಡಕೊಂತs ನುಂಗಬಹುದು."

"ಅದು ಬ್ಯಾಡ್ರಿ."

"ಕೆರದರ ಒಂದೆರಡು ದಿನ."

"ಮುಂದಿಂದು ಹೇಳ್ರಿ."

"ಚೀಲಾ ತಗದ್ರ ಒಂದೂವರಿ ತಿಂಗಳು. ಆದರ ಅದು ಆಟ ಅಲ್ಲವಾ, ಹೊಟ್ಟಿ ಕೊಯ್ಯಬೇಕು."

"ಕೊಡಪಾನ?"

"ಮುಟ್ಟಂಗಿಲ್ಲ."

"ಹಿಟ್ಟು ನಾದೂದು?"

"ಇಲ್ಲ."

ಗುರುಲಿಂಗವ್ವನ ಕಣ್ಣು ತುಂಬಿ ಬಂದವು. ಹೊಟ್ಟೆ ಕೊಯ್ಯುವ ಅಂಜಿಕೆ ಅವಳಿಗೂ ಇತ್ತು, ಇಲ್ಲದೇ ಇರುತ್ತದೆಯೇ? ಆದರೆ ಅವಳು ಅತ್ತದ್ದು ಅಂಜಿಕೆಗಲ್ಲ, ಸಂತೋಷಕ್ಕೆ. "ಅದನ್ನs ಮಾಡ್ರಿ" ಎಂದಳು.

"ನಿನ್ನ ಮೈಗೂ ಅದs ಸರಿ" ಎಂದರು ಡಾಕ್ಟರ್.

ಹೊಳಬಸಪ್ಪ ಕೆಮ್ಮಿದ. "ಅಲ್ರಿ ಬಾಯಾರ, ಒಂದೂವರಿ ತಿಂಗಳು ಅಂದ್ರ ಭಾಳ ಆತು. ಹದಿನೈದು ದಿನಕ್ಕ ಆಗಂಗಿಲ್ಲೇನ್ರಿ?"

ಇಂದ್ರಾಬಾಯಿ ಅವನನ್ನು ನೋಡಿದರು. ಗುರುಲಿಂಗವ್ವನ ಬಿಳಿಚಿದ ಕೈ ನೋಡಿದರು.

"ಎರಡು ತಿಂಗಳು" ಎಂದರು.

"ಹಂಗಲ್ರಿ, ನಮ್ಮವ್ವಗ ವಯಸ್ಸಾಗೇತಿ, ಅಡಗಿ ಯಾರು..."

"ಮೂರು ತಿಂಗಳು."

ಹೊಳಬಸಪ್ಪ ಬಾಯಿ ಮುಚ್ಚಿದ. ಹುಟ್ಟಿದ ಮೇಲೆ ಮೊದಲನೇ ಸಲವಿರಬೇಕು. ಗುರುಲಿಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಅವನ ಕಡೆ ಬಾಗಿದಳು.

"ಯಾಕ ಸುಮ್ಮನಾದ್ರಿ?" ಎಂದಳು ಮೆಲ್ಲಗೆ. "ಇನ್ನೊಮ್ಮೆ ಕೇಳ್ರಿ."