ಅಮಾವಾಸ್ಯೆಯಂದು ಹಡಗು ಹಾರುವುದಿಲ್ಲ

ಸೆಂದಿಲ್ ಬಾಯಿ ತೆರೆಯುವ ತನಕ ಎಲ್ಲವೂ ಸರಿಯಾಗಿಯೇ ಇತ್ತು. ಸರಿಯಾಗಿ ಎಂದರೆ, ಕೆಂಚಣ್ಣ ಸಾಯುವುದರಲ್ಲಿದ್ದ, ಜೀವಿತಾ ಅಳು ನುಂಗಿಕೊಂಡು ಆಟ ನಡೆಸುತ್ತಿದ್ದಳು, ಅಡುಗೆಮನೆಯಲ್ಲಿ ಅವಳ ತಾಯಿ ಪಳನಿಯಮ್ಮ ಬೋಂಡಾ ಕರಿಯುತ್ತಿದ್ದಳು.

ಕೆಂಚಣ್ಣ ನಿಜವಾದ ಮನುಷ್ಯನಲ್ಲ. ಆದರೆ ಆ ಮಾತನ್ನು ಆ ಮನೆಯಲ್ಲಿ ಯಾರಾದರೂ ಗಟ್ಟಿಯಾಗಿ ಹೇಳಿ ನೋಡಲಿ! ಅವನು ಜೀವಿತಾಳ ಸೋದರಮಾವ ರಾಜಗೋಪಾಲ್ ಆಡುವ ಪಾತ್ರ. ಆಟದ ಹೆಸರು 'ಒಂಬತ್ತು ಸೂರ್ಯರು'. ನಕ್ಷತ್ರದಿಂದ ನಕ್ಷತ್ರಕ್ಕೆ ಹಡಗುಗಳು ಹಾರುವ, ಮಂತ್ರವಾದಿಯೂ ಯಂತ್ರಮಾನವನೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ಲೋಕ ಅದು. ಒಬ್ಬರು ಕಥೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರವಾಗಿ ತಮ್ಮ ಪಾಡಿಗೆ ತಾವು ಹೋರಾಡಬೇಕು, ಸಂದೇಹ ಬಂದಲ್ಲಿ ದಾಳ ಹಾಕಬೇಕು. ದಾಳಕ್ಕೂ ಸಂದೇಹ ಬಂದರೆ ನೋಡಿಕೊಳ್ಳಲು ಗುಂಡುಕಲ್ಲಿನಷ್ಟು ಭಾರದ ಇಂಗ್ಲಿಷ್ ಪುಸ್ತಕವೊಂದಿದೆ. ಕಥೆ ನಡೆಸುವವಳು ಜೀವಿತಾ. ಪುಸ್ತಕವನ್ನು ಓದಿ, ಅರ್ಥವಾದಷ್ಟನ್ನು, ಹಡಗನ್ನು 'ಅಡಗು' ಎನ್ನುವ ಮನೆಯ ಕನ್ನಡದಲ್ಲಿ, ಕನ್ನಡ ಸಾಲದಾದಲ್ಲಿ ತಮಿಳಿನಲ್ಲಿ ಬಿಡಿಸಿ ಹೇಳುವುದು ಅವಳ ಕೆಲಸ. ಅರ್ಥವಾಗದ್ದನ್ನು ಅವಳು ಹೇಗೆ ಹೇಳುತ್ತಿದ್ದಳೋ, ಅದು ಅವಳಿಗೂ ದೇವರಿಗೂ ಬಿಟ್ಟದ್ದು.

ಆಟ ನಡೆಯುವುದು ಅಮಾವಾಸ್ಯೆಗೊಮ್ಮೆ. ಸೇಲಂನ ಗುಗೈ ಬಡಾವಣೆಯ ಆ ಬೀದಿಯಲ್ಲಿ ಮಿಕ್ಕ ದಿನಗಳಲ್ಲಿ ಮಗ್ಗದ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಅಮಾವಾಸ್ಯೆಯಂದು ಮಾತ್ರ ಯಾವ ನೇಕಾರನೂ ಮಗ್ಗ ನಡೆಸುವುದಿಲ್ಲ. ಆವತ್ತು ರಾಜಗೋಪಾಲ್ ಮಗ್ಗದ ಕೋಣೆ ಗುಡಿಸಿ, ಮಗ್ಗಕ್ಕೆ ಕರ್ಪೂರ ಬೆಳಗಿ, ಪಕ್ಕದಲ್ಲಿ ಚಾಪೆ ಹಾಸಿ ಎಲ್ಲರಿಗಿಂತ ಮುಂಚೆ ಕೂತಿರುತ್ತಿದ್ದ.

ಈ ರಾಜಗೋಪಾಲ್ ಮಾಮ ಎಂಥವನೆಂದರೆ, ಮನೆಗೆ ಬೆಂಕಿ ಬಿದ್ದರೂ ಮೊದಲು "ಹೂಂ" ಎಂದು, ಆಮೇಲೆ ನೀರಿಗೆ ಏಳುವವನು. ಹೆಣ್ಣು ನೋಡಲು ಹೋದ ಕಡೆಯಲ್ಲೂ "ಹೂಂ" ಎಂದಷ್ಟೇ ಹೇಳಿ ಬಂದು ಮದುವೆಯಾಗದೆ ಉಳಿದ. ಅಂಥವನು ಕೆಂಚಣ್ಣನಾದ ಕೂಡಲೇ ಗುಡುಗುತ್ತಿದ್ದ, ಬೈಯುತ್ತಿದ್ದ, ಹಡಗಿನ ತುದಿಯಲ್ಲಿ ನಿಂತು ಹಾಡುತ್ತಿದ್ದ, ಗಹಗಹಿಸಿ ನಗುತ್ತಿದ್ದ. ಮೊದಲ ಸಲ ಅವನು ಹಾಗೆ ನಕ್ಕಾಗ ಪಳನಿಯಮ್ಮ ಸೌಟು ಹಿಡಿದುಕೊಂಡೇ ಓಡಿಬಂದು, ಯಾರು ಬಂದರೆಂದು ಕೇಳಿದ್ದಳು. ಆದರೆ ಅವನು ಅವತ್ತೇ ಒಂದು ಮಾತು ಹೇಳಿಬಿಟ್ಟಿದ್ದ: "ನೋಡಮ್ಮಾ, ಮನ್ಸನ್ಗೆ ಒಂದೇ ಉಯಿರು, ಒಂದೇ ಜೀವ. ಈ ಕೆಂಚಣ್ಣ ಸತ್ತೋದ್ರೆ ಇನ್ನೊಬ್ಬನ್ನ ನಾನು ಮಾಡಕ್ಕಿಲ್ಲ. ಚಾಪೆಯಿಂದ ಎದ್ದೋಯ್ತೀನಿ." ಮಾವನ ಮಾತು ಕಡಿಮೆ, ಆಡಿದ್ದು ಮಾತ್ರ ಕಲ್ಲಿನ ಮೇಲಿನ ಗೆರೆ. ಕೆಂಚಣ್ಣ ಹೋದರೆ ಆ ನಗುವೂ ಹೋಯಿತು ಎಂಬುದು ಜೀವಿತಾಳಿಗೆ ಗೊತ್ತಿತ್ತು.

ಈಗ ಕೆಂಚಣ್ಣ ಹೋಗುವ ಹೊತ್ತು ಬಂದಿತ್ತು. ಕಥೆಯಲ್ಲಿ ಅವರ ಹಡಗು ಒಂದು ಹಾಳು ಆಕಾಶಬಂದರಿನಲ್ಲಿ ನಿಂತಿತ್ತು. ಶತ್ರು ಇರುಳರಸನ ದೊಡ್ಡ ಹಡಗು ಬಂದರಿನ ಇನ್ನೊಂದು ಬದಿಗೆ ಬಂದು ಲಂಗರು ಹಾಕಿತ್ತು, ಅವನ ಸೈನ್ಯ ಬಾಗಿಲು ಬಡಿಯುತ್ತಿತ್ತು. ಹಾರಿಹೋಗೋಣವೆಂದರೆ ಕಥೆಯಲ್ಲೂ ಅವತ್ತು ಅಮಾವಾಸ್ಯೆ, ಹಡಗು ಹಾರುವಂತಿಲ್ಲ. ಬೆಳಗಾಗುವ ತನಕ ಯಾರಾದರೊಬ್ಬರು ಆ ಬಾಗಿಲನ್ನು ಹಿಡಿದು ನಿಲ್ಲಬೇಕು. ಬಾಗಿಲಿನ ವಿಷಬೆಳಕು ತಾಕಿದವರು ಬದುಕುವುದಿಲ್ಲ. ಬಾಗಿಲು ಹಿಡಿಯಲು ಕೆಂಚಣ್ಣ ತೋಳೇರಿಸಿ ಎದ್ದಿದ್ದ.

ಆಗ ಸೆಂದಿಲ್ ಕೇಳಿದ: "ಅಕ್ಕಾ, ಅಮಾಸೆ ದಿನ ಅಡಗು ಆರಕ್ಕಿಲ್ಲ ಅಂತ ಎಷ್ಟನೇ ಪೇಜ್‌ನಲ್ಲಿ ಐತೆ?"

ಸೆಂದಿಲ್ ಜೀವಿತಾಳ ಚಿಕ್ಕಪ್ಪನ ಮಗ. ಧರ್ಮಪುರಿ ಬಸ್ ನಿಲ್ದಾಣದ ಎದುರು ಮೊಬೈಲ್ ಅಂಗಡಿಯಲ್ಲಿ ಕೆಲಸ. ಅವತ್ತೇ ಮೊದಲ ಸಲ ಆಟಕ್ಕೆ ಬಂದಿದ್ದ, ತನ್ನದೇ ಪುಸ್ತಕವನ್ನು ಹಳದಿ ಬಟ್ಟೆಯಲ್ಲಿ ಸುತ್ತಿಕೊಂಡು. ಅವನ ಪಾತ್ರ ತಗಡಯ್ಯ ಎಂಬ ಯಂತ್ರಮಾನವ. ಬೆಳಗಿನಿಂದ ಅವನು ಕೇಳುತ್ತಿದ್ದುದು ಒಂದೇ ಪ್ರಶ್ನೆ, ಎಷ್ಟನೇ ಪುಟ? ಕವಚ ತೊಟ್ಟವನು ಮಂತ್ರ ಹೇಳಬಹುದೇ, ಎಷ್ಟನೇ ಪುಟ? ಯಂತ್ರಮಾನವನಿಗೆ ದೆವ್ವ ಹಿಡಿಯುತ್ತದೆಯೇ, ಎಷ್ಟನೇ ಪುಟ? ಗೊಂದಲಗಳನ್ನು ಅವನು ಒಂದೊಂದಾಗಿ ಬಿಡಿಸಿಯೂ ಇದ್ದ ಎನ್ನುವುದು ಬೇರೆ ಮಾತು. ನ್ಯಾಯವಾಗಿ ಹೇಳಬೇಕೆಂದರೆ ಹುಡುಗ ಕೆಟ್ಟವನಲ್ಲ, ತಿಗಣೆಯ ಹಾಗೆ ಕೂತ ಕಡೆ ಕೂರಲು ಬಿಡುವುದಿಲ್ಲ, ಅಷ್ಟೆ.

"ಎಲ್ಲೋ ಐತೆ ಕಣೋ," ಎಂದಳು ಜೀವಿತಾ. "ಅಡಗಿನ ಅಧ್ಯಾಯದಲ್ಲಿ."

"ಇಲ್ಲಕ್ಕಾ. ಪೂರಾ ಓದಿದೀನಿ."

ಜೀವಿತಾ ಪುಟ ತಿರುವಿದಳು. ಹಡಗಿನ ಅಧ್ಯಾಯ, ಯಂತ್ರದ ಅಧ್ಯಾಯ, ಗ್ರಹಣದ ಅಧ್ಯಾಯ. ತಿರುವಿದಷ್ಟೂ ಅವಳ ಕಿವಿ ಬಿಸಿಯಾಗುತ್ತ ಬಂತು. ಇರಲಿಲ್ಲ. ಎಲ್ಲಿಯೂ ಇರಲಿಲ್ಲ.

ಆಮೇಲೆ ಅವಳಿಗೆ ಮೊದಲ ದಿನದ ಆಟ ನೆನಪಾಯಿತು. ಹಡಗಿನ ಯಂತ್ರದ ಚಿತ್ರದಲ್ಲಿ ಬೆಳಕಿನ ಎಳೆಗಳು ಸಾಲಾಗಿ ಹಾಸಿದ್ದವು. ಅದನ್ನು ನೋಡಿ ಅವಳು, ಇದೊಂದು ಆಕಾಶಮಗ್ಗ ಎಂದು ವಿವರಿಸಿದ್ದಳು. ಅವತ್ತು ಕಥೆಯಲ್ಲಿ ಅಮಾವಾಸ್ಯೆ ಬಂದಾಗ ಮಾಮ ಸಹಜವಾಗಿ, "ಅಮಾಸೆಗೆ ಮಗ್ಗ ಓಡಿಸ್ತಾರಾ?" ಎಂದಿದ್ದ. ಎಲ್ಲರೂ ಇಲ್ಲವೆಂದು ತಲೆಯಾಡಿಸಿದ್ದರು, ಅವಳೂ ಆಡಿಸಿದ್ದಳು. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೋ ಎಂದು ಯಾರಾದರೂ ಪುಸ್ತಕ ತೆಗೆದು ನೋಡುತ್ತಾರೆಯೇ? ಅವತ್ತಿನಿಂದ ಅದು ನಿಯಮವಾಯಿತು. ಇರುಳರಸನಂಥ ಇರುಳರಸನೂ ಅದನ್ನು ತಿಳಿದುಕೊಂಡು ಅಮಾವಾಸ್ಯೆ ನೋಡಿಯೇ ದಾಳಿ ಮಾಡುತ್ತಿದ್ದ.

"ತಪ್ಪು ನಂದೇ," ಎಂದಳು ಜೀವಿತಾ. ಹೇಳುತ್ತಿದ್ದ ಹಾಗೆಯೇ ಅವಳೊಳಗೆ ಸಂತೋಷ ಉಕ್ಕಿತು. ನಿಯಮವೇ ಇಲ್ಲದಿದ್ದರೆ ಹಡಗು ಈಗಲೇ ಹಾರಬಹುದು. ಹಡಗು ಹಾರಿದರೆ ಬಾಗಿಲು ಹಿಡಿಯುವ ಕೆಲಸವೇ ಇಲ್ಲ. ಸೆಂದಿಲ್‌ನ ತಲೆಯನ್ನು ತಬ್ಬಿಕೊಂಡು ಮುತ್ತಿಡೋಣ ಎನ್ನಿಸಿತು. "ಬುಕ್‌ನಲ್ಲಿ ಇಲ್ಲ ಅಂದ್ಮೇಲೆ ಇಲ್ಲ. ಮಾಮ, ಅಡಗು ಎತ್ತಿ!"

ರಾಜಗೋಪಾಲ್ ಎತ್ತಲಿಲ್ಲ. ಅವನು ಎದುರಿಗೆ ಕೂತಿದ್ದ ಕಲೈವಾಣಿಯನ್ನು ನೋಡುತ್ತಿದ್ದ.

ಕಲೈವಾಣಿ ಪಕ್ಕದ ಮನೆಯವಳು, ಜೀವಿತಾಳ ಗೆಳತಿ, ಓಮಲೂರಿನ ಶಾಲೆಯಲ್ಲಿ ಟೀಚರು. ಅವಳದು ನೀಲಿ ಎಂಬ ಮಂತ್ರವಾದಿನಿಯ ಪಾತ್ರ. ನೀಲಿ ಹುಟ್ಟಿದ ಲೋಕ ಮಂಜಾಡಿ. ಹೋದ ವರ್ಷ ಇರುಳರಸ ಅದನ್ನು ಸುಟ್ಟುಹಾಕಿದ್ದ. ಅದೂ ಅಮಾವಾಸ್ಯೆಯಂದೇ.

"ಅದೆಲ್ಲಾ ಮುಡಿಯಾದು, ಆಗಕ್ಕಿಲ್ಲ," ಎಂದ ರಾಜಗೋಪಾಲ್, ಕೆಂಚಣ್ಣನ ದನಿಯಲ್ಲಲ್ಲ, ತನ್ನದೇ ದನಿಯಲ್ಲಿ. "ಅವತ್ತು ಮಂಜಾಡಿ ಉರೀತಾ ಇತ್ತು. ಈ ಮಗು ನನ್ ಕೈ ಇಡ್ಕೊಂಡು ಕೇಳ್ತು, ಮಾಮ, ಒಂದ್ಸಲ ಅಡಗು ಎತ್ತಿ ಮಾಮ ಅಂತ. ಅಮಾಸೆ, ಆಗಕ್ಕಿಲ್ಲ ಅಂದೆ. ಅವಳ ಜನ ಎಲ್ಲಾ ಸತ್ತೋದ್ರು. ಇವತ್ತು ನನ್ ಕುತ್ಗೆಗೆ ಬಂದ್ ಕೂಡ್ಲೆ ರೂಲ್ ಇಲ್ಲ ಅಂತ ಆರ್ಸಾದಾ? ನಂಗೊಂದು ನ್ಯಾಯ, ಅವಳ್ಗೊಂದು ನ್ಯಾಯನಾ?"

ಅವತ್ತು ಕಲೈವಾಣಿ ನಿಜವಾಗಿಯೇ ಅತ್ತು, ಬೋಂಡಾ ಕೂಡ ಮುಟ್ಟದೆ ಎದ್ದು ಹೋಗಿದ್ದು ಸೆಂದಿಲ್‌ನೊಬ್ಬನನ್ನು ಬಿಟ್ಟು ಎಲ್ಲರಿಗೂ ನೆನಪಿತ್ತು. ಮಾವ ಒಟ್ಟಿಗೆ ಅಷ್ಟು ಮಾತಾಡಿದ್ದು ಕೇಳಿ ಅಡುಗೆಮನೆಯ ಸೌಟೂ ನಿಂತುಹೋಯಿತು.

ಸೆಂದಿಲ್ ಮೆಲ್ಲಗೆ ಫೋನ್ ತೆಗೆದ. ಆಟ ಮಾಡಿದ ಕಂಪನಿಯವರೇ ಪ್ರಶ್ನೆಗಳಿಗೆ ಉತ್ತರ ಹಾಕುವ ಜಾಗವೊಂದಿದೆ ಎಂದ. ಹುಡುಕಿ, ಗಂಟಲು ಸರಿಮಾಡಿಕೊಂಡು, ಕನ್ನಡ ಮಾಡಿ ಹೇಳಿದ: "ನಿಮ್ಮ ಮನೆ ರೂಲು ಬೇರೆ, ಬುಕ್ ರೂಲು ಬೇರೆ ಆದ್ರೆ, ಎಲ್ಲಾರ್ಗೂ ಯಾವ್ದು ಖುಷಿಯೋ ಅದನ್ನ ಕಥೆ ನಡ್ಸೋರು ತೀರ್ಮಾನ ಮಾಡ್ಬೇಕಂತೆ."

ಅಡ್ಡಗೋಡೆಯ ಮೇಲೆ ದೀಪ ಇಡುವುದು ಎಂದರೆ ಇದೇ. ಕಂಪನಿಯ ದೊಡ್ಡವರು ದೀಪ ಇಟ್ಟು ಹೋದರು, ಜೀವಿತಾ ಕತ್ತಲಲ್ಲಿ ಉಳಿದಳು. ನಿಯಮ ತೆಗೆದರೆ ಮಾವ ಒಪ್ಪುವುದಿಲ್ಲ, ಇಟ್ಟರೆ ಮಾವನೇ ಉಳಿಯುವುದಿಲ್ಲ. ಅವಳಿಗೆ ಮಾವನ ಮೇಲೆ ಸಿಟ್ಟು ಬಂತು. ಅಂಥ ಮಾವ ಇದ್ದಾನಲ್ಲ ಎಂದು ಹೆಮ್ಮೆಯೂ ಆಯಿತು. ಸಿಟ್ಟನ್ನೇ ಮುಂದೆ ಮಾಡಿಕೊಂಡು ಹೇಳಿದಳು:

"ಸರಿ, ರೂಲ್ ಇರ್ಲಿ. ಆದ್ರೆ ಅದು ಏನು ಅಂತ ಇವತ್ತು ಕ್ಲಿಯರ್ ಆಗ್ಬೇಕು. ಅಮಾಸೆ ದಿನ ಮಗ್ಗದಲ್ಲಿ ಏನ್ ಮಾಡ್ಬಾರ್ದು? ಏನ್ ಮಾಡ್ಬೋದು?"

ಅಷ್ಟು ಕೇಳಿದ್ದೇ ತಡ, ಮನೆ ಕೋರ್ಟಾಯಿತು. "ಲಾಳಿ ಎಸೀಬಾರ್ದು," ಎಂದ ರಾಜಗೋಪಾಲ್. ಮಗ್ಗದ ಕೆಳಗಿನ ಕುಣಿಗೇ ಇಳಿಯಬಾರದು ಎಂದಳು ಕಲೈವಾಣಿ. ಇಳಿಯದೆ ಕುಣಿ ಗುಡಿಸುವುದು ಹೇಗೆ ಎಂದ ಅವನು. ಪಳನಿಯಮ್ಮ ಬೋಂಡಾದ ತಟ್ಟೆಯೊಂದಿಗೆ ಒಳಗೆ ಬಂದು, "ನಮ್ಮವ್ವ ಅಮಾಸೆ ದಿನಾನೂ ನೂಲು ಸುತ್ತೋಳು, ದೇವ್ರೇನು ಬಂದು ಕೈ ಇಡ್ಕೊಂಡಿಲ್ಲ," ಎಂದು ಸಾಕ್ಷಿ ನುಡಿದಳು. ಅಜ್ಜಿ ಸುತ್ತುತ್ತಿದ್ದದ್ದು ಬತ್ತಿಯ ನೂಲು ಎಂದು ರಾಜಗೋಪಾಲ್ ಪಾಟೀಸವಾಲು ಹಾಕಿದ. ಎಣ್ಣೆ ಬಿಡಬಹುದು, ಸರಿ. ಹಗ್ಗ ಬಿಗಿಯಬಹುದು, ಸರಿ. ನೇಯ್ದ ಬಟ್ಟೆಯನ್ನು ಸುತ್ತಿಡುವುದಕ್ಕೆ ಇಬ್ಬರು ಹೌದೆಂದರು, ಒಬ್ಬರು ಅಲ್ಲವೆಂದರು. ಸೆಂದಿಲ್ ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡುತ್ತ, ಇದೆಲ್ಲಾ ಯಾವ ಪುಟ ಎಂದು ಕೇಳುವುದನ್ನೂ ಮರೆತು ಬೋಂಡಾ ತಿನ್ನುತ್ತಿದ್ದ.

"ನಮ್ಮನೇಲಿ ಅಮಾಸೆ ದಿನ ತಾನೆ ಆಸು ಜೋಡ್ಸೋದು," ಎಂದಳು ಕಲೈವಾಣಿ. "ಮಗ್ಗ ಸುಮ್ನಿರತ್ತೆ, ಕೈ ಬಿಡುವಾಗಿರತ್ತೆ ಅಂತ. ಅಳೇ ಎಳೆಗೆ ಒಸ ಎಳೆ ಒಸ್ದು, ಎಳ್ದು..."

ಅವಳು ಅಲ್ಲಿಗೇ ನಿಲ್ಲಿಸಿದಳು. ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತಿರುವ ಕೆಲಸ ಅದು. ಮಗ್ಗದಲ್ಲಿ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಮುಗಿಯುತ್ತ ಬಂದಾಗ, ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಅಂಟಿಸುತ್ತಾರೆ. ಆಮೇಲೆ ಹಳೆಯದನ್ನು ಹಿಡಿದು ಎಳೆದರೆ ಹೊಸದೆಲ್ಲ ಅದರ ಬೆನ್ನಿಗೆ ಹಣಿಗೆಯೊಳಗಿಂದ ತಾನಾಗಿ ಬರುತ್ತದೆ.

"ಮಾಮ, ಇರುಳರಸನ ಅಡಗಿಗೆ ಅಮಾಸೆ ಐತಾ?" ಎಂದು ಕೇಳಿದಳು ಕಲೈವಾಣಿ.

"ಅವನ್ಗೆಲ್ಲಿ ಅಮಾಸೆ! ಅವ್ನು ನಮ್ಮ ಜಾತಿನಾ, ನಮ್ಮ ಬೀದಿನಾ?"

"ಅಂಗಾದ್ರೆ ಅವನ ಅಡಗಿನ ಬಾಲಕ್ಕೆ ನಮ್ಮ ಅಡಗಿನ ಎಳೆ ಜೋಡ್ಸಿ! ನಾವು ಲಾಳಿ ಎಸೆಯೋದ್ ಬೇಡ, ಮಗ್ಗ ಓಡ್ಸೋದ್ ಬೇಡ. ಅವ್ನು ಓಡ್ಲಿ. ನಾವು ಸುಮ್ನೆ ಇಂದೆ ಓಗೋಣ!"

ಸೆಂದಿಲ್ ಬೋಂಡಾವನ್ನು ಅರ್ಧಕ್ಕೇ ಬಿಟ್ಟು ಎದ್ದುನಿಂತ. "ಅವ್ನು ಓಡೋ ಅಂಗೆ ನಾನು ಮಾಡ್ತೀನಿ! ತಗಡಯ್ಯನ್ಗೆ ಸುಳ್ಳು ಸಂದೇಶ ಕಳ್ಸೋ ಶಕ್ತಿ ಐತೆ, ಪೇಜ್ ಬೇಕಾದ್ರೆ ತೋರಿಸ್ತೀನಿ. ನಾವು ಆಗ್ಲೇ ತಪ್ಪಿಸ್ಕೊಂಡ್ ಓದ್ವು ಅಂತ ಅವನ್ಗೆ ಸುದ್ದಿ ಕೊಡ್ತೀನಿ. ಅವ್ನು ನಮ್ಮನ್ನ ಅಟ್ಟಿಸ್ಕೊಂಡ್ ಓಯ್ತಾನೆ..."

"ನಮ್ಮನ್ನೇ ಬಾಲಕ್ಕೆ ಕಟ್ಕೊಂಡು!" ಎಂದು ಪಳನಿಯಮ್ಮ ಪೂರೈಸಿ, ತಟ್ಟೆ ಕೆಳಗಿಟ್ಟು ಚಾಪೆಯ ಮೇಲೇ ಕೂತುಬಿಟ್ಟಳು. ಅಷ್ಟು ಹೊತ್ತಿಗೆ ಎಲ್ಲರೂ ನಗುತ್ತಿದ್ದರು.

ರಾಜಗೋಪಾಲ್ ಮಾತ್ರ ನಗದೆ ಯೋಚಿಸುತ್ತಿದ್ದ. ಜೀವಿತಾ ಉಸಿರು ಬಿಗಿಹಿಡಿದು ಅವನ ಮುಖ ನೋಡಿದಳು. ಅವನು ಮಗ್ಗದ ಕಡೆಗೊಮ್ಮೆ ನೋಡಿ, ಬೆರಳ ತುದಿಗಳನ್ನು ಎಳೆ ಹೊಸೆಯುವ ಹಾಗೆ ಉಜ್ಜಿಕೊಂಡು, ಕೊನೆಗೆ ಹೇಳಿದ: "ಆಸು ಜೋಡ್ಸಾದು ನೇಯೋದಲ್ಲ. ತಪ್ಪಿಲ್ಲ."

"ಇದು ತೀರ್ಪು," ಎಂದು ಜೀವಿತಾ ಚಾಪೆ ಕುಟ್ಟಿದಳು. "ಅಮಾಸೆ ದಿನ ಅಡಗು ಆರಕ್ಕಿಲ್ಲ. ಬೇರೆಯವ್ರು ಎಳ್ಕೊಂಡ್ ಓದ್ರೆ ಓಗ್ಬೋದು. ಆದ್ರೆ ಎಳೆ ಜೋಡ್ಸೋಕೆ ದಾಳ ಆಕ್ಬೇಕು ಮಾಮ. ಅನ್ನೆರಡರ ಮೇಲೆ ಬಿದ್ರೆ ಕೂಡ್ಕೊಳ್ತು. ಇಲ್ದಿದ್ರೆ..." ಇಲ್ಲದಿದ್ದರೆ ಏನೆಂದು ಅವಳು ಹೇಳಲಿಲ್ಲ. ಬಾಗಿಲು ಮುರಿದು ಸೈನ್ಯ ಒಳಗೆ ಬರುತ್ತದೆ, ಎಳೆ ಹಿಡಿದು ಹೊರಗೆ ನಿಂತ ಕೆಂಚಣ್ಣನೇ ಮೊದಲು ಸಿಗುತ್ತಾನೆ. ಅದು ಎಲ್ಲರಿಗೂ ಗೊತ್ತಿತ್ತು.

ರಾಜಗೋಪಾಲ್ ಇಪ್ಪತ್ತು ಮುಖದ ದಾಳವನ್ನು ಕೈಗೆ ತೆಗೆದುಕೊಂಡ. ಕೂದಲಿನಂಥ ರೇಷ್ಮೆ ಎಳೆಯನ್ನು ಕಣ್ಣುಮುಚ್ಚಿ ಹೊಸೆಯುವ ಆ ಕೈ ದಾಳವನ್ನು ಎರಡು ಸಲ ಮುಚ್ಚಿ ತೆರೆಯಿತು, ಎಸೆಯಲಿಲ್ಲ. ಅವನು ದಾಳವನ್ನು ಕಲೈವಾಣಿಯ ಮುಂದೆ ಚಾಚಿದ.

"ನೀನ್ ಆಕಮ್ಮಾ. ಎಳೆ ಇಡ್ಯೋಕೆ ಎರಡು ಕೈ ಸಾಲ್ದು, ನೀಲಿ ಇನ್ನೊಂದು ತುದಿ ಇಡ್ಕೊಳ್ಳಿ."

"ಆಕ್ಬೋದು, ಆಕ್ಬೋದು!" ಎಂದು ಸೆಂದಿಲ್ ಪುಸ್ತಕ ತಿರುವಿ ಕೂಗಿದ. "ಸಹಾಯಕ್ಕೆ ನಿಂತವ್ರು ದಾಳ ಆಕ್ಬೋದು ಅಂತ ಪೇಜೇ ಐತೆ!" ಅವತ್ತು ಅವನ ಪುಟ ಎಲ್ಲರಿಗೂ ಬೇಕಾದದ್ದು ಆಗ ಮಾತ್ರ.

ಕಲೈವಾಣಿ ದಾಳವನ್ನು ಎರಡು ಅಂಗೈಗಳ ನಡುವೆ ಕುಲುಕಿ ಎಸೆದಳು. ಅದು ಚಾಪೆಯ ಮೇಲೆ ಉರುಳಿ, ತಟ್ಟೆಗೆ ತಾಗಿ, ಮಗ್ಗದ ಕಾಲಿನ ಹತ್ತಿರ ನಿಂತಿತು. ಎಲ್ಲರೂ ಮೊಣಕಾಲ ಮೇಲೆ ಅಲ್ಲಿಗೆ ಧಾವಿಸಿದರು. ರಾಜಗೋಪಾಲ್ ಮಾತ್ರ ಕೂತಲ್ಲೇ ಕಣ್ಣು ಮುಚ್ಚಿಕೊಂಡಿದ್ದ.

"ಬದುಕಿದೀನಾ?" ಎಂದ.

"ಅದ್ನೇಳು ಮಾಮ!" ಜೀವಿತಾ ದಾಳದ ಮೇಲಿನ ಹದಿನೇಳನ್ನು ಬೆರಳಿಟ್ಟು ತೋರಿಸಿದಳು. "ಬದುಕಿದೀರ!"

ಮುಂದಿನದನ್ನು ಅವಳು ಗದ್ದಲದ ನಡುವೆಯೇ ಹೇಳಿದಳು. ಇರುಳರಸ ಬೊಬ್ಬೆಯಿಟ್ಟು ತನ್ನ ಸೈನ್ಯವನ್ನು ವಾಪಸು ಕರೆಸಿದ್ದು, ಓಡಿಹೋದವರನ್ನು ಹಿಡಿಯಲು ಹಡಗು ಎಬ್ಬಿಸಿದ್ದು, ಬೆಳಕಿನ ಎಳೆಗಳು ಒಂದೊಂದೂ ಬಿಗಿಯಾಗಿ, ಅದರ ಬೆನ್ನಿಗೆ ಅವರ ಪುಟ್ಟ ಹಡಗು ಸದ್ದಿಲ್ಲದೆ ಮೇಲೆದ್ದದ್ದು. ಕೆಂಚಣ್ಣ ಹಡಗಿನ ತುದಿಯಲ್ಲಿ ನಿಂತು ಏನಾದರೂ ಕೂಗಬೇಕಿತ್ತು. ಎಲ್ಲರೂ ಕಾದರು. ಅವನು ಬಾಯಿ ತೆರೆದ, ಕೆಂಚಣ್ಣ ಬರಲಿಲ್ಲ. ಬಂದದ್ದು ರಾಜಗೋಪಾಲನೇ.

"ಅವತ್ತು ನಿನ್ ಮಂಜಾಡಿಗೆ ನಾನು ಬರ್ನಿಲ್ಲ," ಎಂದ ಕಲೈವಾಣಿಗೆ, ಕಣ್ಣೊರೆಸಿಕೊಳ್ಳುವುದನ್ನು ಮರೆಮಾಡದೆ. "ಇವತ್ತು ನಂಗೋಸ್ಕರ ನೀನ್ ಬಂದೆ ಕಣಮ್ಮ."

ಕಲೈವಾಣಿಯ ಕಣ್ಣೂ ಒದ್ದೆಯಾಗಿತ್ತು. ಆದರೆ ಟೀಚರಮ್ಮ ಸುಮ್ಮನಿರುವವಳೇ?

"ಸುಮ್ಕಿರಿ ಮಾಮ! ಅದೇ ಅಡಗಲ್ಲಿ ನಾನೂ ಇವ್ನಿ, ಮರ್ತ್ರಾ?"

ಮಾವ ನಕ್ಕ. ಕೆಂಚಣ್ಣನ ಗಂಟಲಿನಿಂದಲ್ಲ, ತನ್ನ ಗಂಟಲಿನಿಂದಲೇ, ಆಟ ನಿಲ್ಲಿಸಿ, ಹೊಟ್ಟೆ ಹಿಡಿದುಕೊಂಡು. ಆ ನಗುವಿಗೆ ಎದುರು ಮನೆಯ ಮಂಜುಳಮ್ಮ ಕಿಟಕಿಗೆ ಬಂದು, ಯಾರ ಮನೆಗೆ ನೆಂಟರು ಬಂದರೆಂದು ಕೇಳಿದಳು. ಪಳನಿಯಮ್ಮ ಕೂತಲ್ಲಿಂದಲೇ ಕೂಗಿ ಹೇಳಿದಳು:

"ಯಾರೂ ಇಲ್ಲಕ್ಕಾ, ನಮ್ಮ ರಾಜಗೋಪಾಲನೇ!"